ಬಾಯ್ಲರಿನ ಆಚೆ ಬದಿಯ ಏಟು

ಇಂಥ ಮಾತುಗಳನ್ನು ನಾನು ಮೊದಲು ನಂಬುತ್ತಿರಲಿಲ್ಲ. ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದೆ. ಅದಕ್ಕೆ ನಾನು ಬೆಳೆದ ಮನೆಯೇ ಕಾರಣ. ಔರಾದ ತಾಲೂಕಿನ ಡಾಬಕಾ ನಮ್ಮೂರು, ನಮ್ಮದು ಬೌದ್ಧ ಮನೆತನ. ದೆವ್ವ, ಗಾಳಿ, ಮಾಟ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅಪ್ಪನಿಗೆ ಸಿಟ್ಟು ಬರುತ್ತಿತ್ತು. “ಕಣ್ಣಿಲೆ ನೋಡೀಯೇನು? ಕೈಲೆ ಮುಟ್ಟೀಯೇನು? ಮತ್ತ ಯಾಕ ಹೇಳ್ತಿ?” ಎಂದು ಕೇಳುತ್ತಿದ್ದರು. ಮುಂದೆ ನಾನು ಐಟಿಐ ಓದಿ ಬೀದರಿನಲ್ಲಿ ಫಿಟ್ಟರ್ ಕೆಲಸ ಕಲಿಸುವ ಮಾಸ್ತರನಾದೆ. ಮೂವತ್ತು ವರ್ಷ ಹುಡುಗರಿಗೆ ನಾನು ಹೇಳಿಕೊಟ್ಟದ್ದು ಬಹುಮಟ್ಟಿಗೆ ಒಂದೇ ಮಾತು: ಅಳೆಯದೆ ಬಾಯಿ ಬಿಡಬೇಡ.

ಈಗ ಬರೆಯುತ್ತಿರುವುದನ್ನು ಅಳೆಯಲು ನನ್ನಿಂದ ಆಗಿಲ್ಲ. ನೀವು ನಂಬಲೇಬೇಕು ಎಂದೇನೂ ನಾನು ಕೇಳುವುದಿಲ್ಲ. ಇಂಥ ಕತೆಗಳು ನಡುರಾತ್ರಿ ನಡೆಯುತ್ತವೆ ಎಂದು ಕೇಳಿದ್ದೇನೆ. ನನಗೆ ಆದದ್ದು ಮೇ ತಿಂಗಳ ಸುಡುಬಿಸಿಲಿನಲ್ಲಿ, ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರ ಒಳಗೆ.

ಆಗ ನಾನು ನಿವೃತ್ತನಾಗಿ ಮೂರು ವರ್ಷವಾಗಿತ್ತು. ಹೆಂಡತಿ ಸುಮನ ತೀರಿಕೊಂಡು ಆರು ವರ್ಷ. ನಮಗೆ ಮಕ್ಕಳಿಲ್ಲ. ಬೀದರಿನಲ್ಲಿ ಎರಡು ಖೋಲಿಯ ಮನೆ. ಒಬ್ಬನೇ ಇರುವುದು ಅಭ್ಯಾಸವಾಗಿದೆ ಎಂದೇ ತಿಳಿದಿದ್ದೆ. ಒಂದು ಮಂಗಳವಾರ ಹಾಲಿನ ಅಂಗಡಿಗೆ ಹೋಗಿ “ಅರ್ಧ ಲೀಟರ್ ಕೊಡ್ರಿ” ಎನ್ನಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಎರಡನೆಯ ಸಲ ಹೇಳಬೇಕಾಯಿತು. ಮನೆಗೆ ಬರುವಾಗ ಲೆಕ್ಕ ಹಾಕಿದೆ. ಶನಿವಾರ ಸಂಜೆಯಿಂದ ನಾನು ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ.

ಉಗಿ ಇಂಜಿನ್ನಿನ ಸುದ್ದಿ ಬಂದದ್ದು ಅದೇ ದಿನಗಳಲ್ಲಿ. ಭಾಲ್ಕಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಶಕುಂತಲಾ ಮೇಡಂ ಎಂಬವರು ಒಂದು ಗುಂಪು ಕಟ್ಟುತ್ತಿದ್ದರು. ಊರಾಚೆ, ಎಂದೋ ಮುಚ್ಚಿಹೋದ ಒಂದು ಕಾರ್ಖಾನೆಯ ತಗಡಿನ ಶೆಡ್ಡಿನಲ್ಲಿ ಒಂದು ಸಣ್ಣ ಉಗಿ ಇಂಜಿನ್ ನಿಂತಿತ್ತು. ಹಿಂದೆ ಕಾರ್ಖಾನೆಯಿಂದ ರೈಲು ಹಳಿಯ ತನಕ ಸಾಮಾನಿನ ಡಬ್ಬಿ ಎಳೆಯುತ್ತಿದ್ದ ಇಂಜಿನ್ ಅದು. ನಲವತ್ತು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಚಿಮಣಿಯಲ್ಲಿ ಜೇನು ಕಟ್ಟಿತ್ತು, ಗಾಲಿಗಳ ನಡುವೆ ಬೇವಿನ ಗಿಡ ಬೆಳೆದಿತ್ತು. ಕಲ್ಲಿದ್ದಲು ತುಂಬುವ ಜಾಗದಲ್ಲಿ ಯಾರೋ ಮೇಕೆಗಳ ಮೇವಿಗೆ ಜೋಳದ ಕಣಿಕಿ ಒಟ್ಟಿದ್ದರು. ಅದನ್ನು ಮತ್ತೆ ಉಗಿ ತುಂಬಿಸಿ ಓಡಿಸಬೇಕು ಎಂಬುದು ಮೇಡಮ್ಮರ ಆಸೆ. ಸಂಬಳವಿಲ್ಲದ ಕೆಲಸ, ಭಾನುವಾರಗಳಂದು. ನಾನು ಹೋದೆ. ಇಂಜಿನ್ನಿನ ಮೇಲಿನ ಪ್ರೀತಿಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ವಾರಕ್ಕೆ ಒಂದು ದಿನವಾದರೂ ಯಾರಾದರೂ “ಬಂದ್ರೇನ್ರಿ” ಎನ್ನುತ್ತಾರಲ್ಲ ಎಂದು ಹೋದೆ.

ಅಲ್ಲಿ ನನಗೆ ಖಾಜಾಸಾಬರ ಪರಿಚಯವಾಯಿತು. ಉಗಿ ಇಂಜಿನ್ನುಗಳ ಕಾಲದಲ್ಲಿ ರೈಲ್ವೆಯಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್, ವಯಸ್ಸು ಎಂಬತ್ತರ ಹತ್ತಿರ. ಅವರ ಮನೆಯೂ ಬೀದರಿನಲ್ಲೇ. ನಾವೆಲ್ಲರೂ ಅವರಿಗೆ ಚಾಚಾ ಎನ್ನುತ್ತಿದ್ದೆವು, ಅವರು ನನಗೆ ಮಾಸ್ತರ್ ಎನ್ನುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ನಾವಿಬ್ಬರೂ ಒಂದೇ ಬಸ್ಸಿಗೆ ಭಾಲ್ಕಿಗೆ ಹೋಗುತ್ತಿದ್ದೆವು, ದಾರಿಯುದ್ದಕ್ಕೂ ಒಬ್ಬರೂ ಮಾತಾಡುತ್ತಿರಲಿಲ್ಲ. ಆದರೂ ಪಕ್ಕದಲ್ಲಿ ಒಬ್ಬರಿದ್ದಾರೆ ಎನ್ನುವುದೇ ನನಗೆ ದೊಡ್ಡದಾಗಿತ್ತು.

ಮುಂದಿನದು ತಿಳಿಯಬೇಕಾದರೆ ಇಂಜಿನ್ನಿನ ಒಂದು ಭಾಗದ ಬಗ್ಗೆ ಹೇಳಬೇಕು. ಬಾಯ್ಲರಿನಲ್ಲಿ ಬೆಂಕಿ ಉರಿಯುವ ಪೆಟ್ಟಿಗೆಗೆ ಫೈರ್‌ಬಾಕ್ಸ್ ಎನ್ನುತ್ತಾರೆ. ಅದಕ್ಕೆ ಎರಡು ಗೋಡೆ, ಒಳಗಿನದೊಂದು, ಹೊರಗಿನದೊಂದು. ನಡುವೆ ನೀರು ನಿಲ್ಲುತ್ತದೆ. ಆ ಎರಡೂ ಗೋಡೆಗಳನ್ನು ಹೆಬ್ಬೆರಳು ದಪ್ಪದ ನೂರಾರು ಬೋಲ್ಟುಗಳು ಹಿಡಿದುಕೊಂಡಿರುತ್ತವೆ. ಉಗಿಯ ಒತ್ತಡಕ್ಕೆ ಗೋಡೆ ಉಬ್ಬಿ ಸಿಡಿಯದಂತೆ ತಡೆಯುವುದು ಈ ಬೋಲ್ಟುಗಳು. ಇವು ಎಷ್ಟೋ ಸಲ ನೀರಿನ ಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ ಮುರಿದಿರುತ್ತವೆ. ಮುರಿದದ್ದು ಒಂದೆರಡಾದರೆ ನಡೆದೀತು. ಒಂದೇ ಕಡೆ ಗುಂಪಾಗಿ ಮುರಿದಿದ್ದರೆ ಅಲ್ಲಿ ನಿಂತವರು ಉಳಿಯುವುದಿಲ್ಲ.

ಅದನ್ನು ಪರೀಕ್ಷಿಸುವ ಹಳೆಯ ವಿಧಾನ ಚಾಚಾಗೆ ಗೊತ್ತಿತ್ತು. ಒಬ್ಬ ಒಳಗೆ ಕುಳಿತು ಸಣ್ಣ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಹೊಡೆಯಬೇಕು. ಇನ್ನೊಬ್ಬ ಹೊರಗೆ ಅದೇ ಬೋಲ್ಟಿನ ಇನ್ನೊಂದು ತುದಿಗೆ ದೊಡ್ಡ ಸುತ್ತಿಗೆಯನ್ನು ಆನಿಸಿ ಹಿಡಿಯಬೇಕು. ಬೋಲ್ಟು ಗಟ್ಟಿಯಾಗಿದ್ದರೆ ಒಳಗಿನ ಏಟು ಹೊರಗಿನವನ ಕೈಗೆ ಮುಟ್ಟುತ್ತದೆ. ಮುಟ್ಟಿದರೆ ಆತ ಒಂದು ಏಟು ತಿರುಗಿ ಹೊಡೆಯಬೇಕು, ಮುಟ್ಟದಿದ್ದರೆ ಎರಡು. ಎರಡು ಕೇಳಿದರೆ ಒಳಗಿನವನು ಸೀಮೆಸುಣ್ಣದ ಗುರುತು ಹಾಕಬೇಕು. ನಾನು ಸಣಕಲು ಮನುಷ್ಯ, ಕಲ್ಲಿದ್ದಲು ಹಾಕುವ ಬಾಗಿಲಿನಿಂದಲೇ ಹೇಗೋ ತೂರಿಕೊಳ್ಳುತ್ತಿದ್ದೆ. ಹಾಗಾಗಿ ಒಳಗಿನ ಕೆಲಸ ನನ್ನ ಪಾಲಿಗೆ ಬಂತು. ಬರೀ ಸಪ್ಪಳ ಕೇಳಿ ನಾನೇ ತೀರ್ಮಾನ ಮಾಡಹೋದರೆ ಚಾಚಾ ಬೇಡ ಎನ್ನುತ್ತಿದ್ದರು.

“ಕಿವೀಲೆ ಕೇಳಬ್ಯಾಡ್ರಿ ಮಾಸ್ತರ್. ಕಿವಿ ಮೋಸ ಮಾಡ್ತದ. ಹೊರಗಿನ ಮನಷಾನ ಕೈಗಿ ಬಿಡ್ರಿ.”

ಬಲಗಡೆಯ ಗೋಡೆಯನ್ನು ಹಾಗೇ ಇಬ್ಬರೂ ಸೇರಿ ಮುಗಿಸಿದೆವು. ಎಡಗಡೆಯದರ ಹೊತ್ತಿಗೆ ಚಾಚಾ ಜ್ವರ ಬಂದು ಮಲಗಿದರು. ಬಾಯ್ಲರ್ ಪರೀಕ್ಷೆಯ ಅಧಿಕಾರಿ ಬರುವ ದಿನ ಗೊತ್ತಾಗಿತ್ತು. ಮೂವತ್ತು ವರ್ಷ ಲೋಹದ ಜೊತೆ ಬದುಕಿದವನು, ನನ್ನ ಕಿವಿ ಸಾಲದೇ ಎಂದುಕೊಂಡು ಒಂದು ಭಾನುವಾರ ನಾನೊಬ್ಬನೇ ಎಡಗಡೆಯ ಎಲ್ಲಾ ಬೋಲ್ಟುಗಳನ್ನು ಬಡಿದು ನೋಡಿದೆ. ಎಲ್ಲವೂ ಗಣಗಣ ಎಂದಂತೆ ಕೇಳಿಸಿತು. ‘ಎಡಬದಿ ಸರಿ ಇದೆ’ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ನನ್ನ ಮಾತಿನ ಮೇಲೆ ಶುಕ್ರವಾರ ಸಂಜೆ ಆ ಬದಿಯ ಹೊರಗೋಡೆಗೆ ಕಾಲೇಜಿನವರು ಕೆಂಪು ಬಣ್ಣದ ದಪ್ಪ ಲೇಪ ಕೊಟ್ಟರು. ಸೋಮವಾರ ಅಧಿಕಾರಿ ಬರುವವರಿದ್ದರು.

ಶನಿವಾರ ಒಳಗಿನ ಕಸ ಗುಡಿಸಲೆಂದು ನಾನೊಬ್ಬನೇ ಹೋದೆ. ಬೆಳಿಗ್ಗೆ ಚಾಚಾ ಫೋನಿನಲ್ಲಿ “ಈಗ ಆರಾಮ ಅದೀನ್ರಿ, ನಾನೂ ಮಧ್ಯಾನ ಬರ್ತೇನಿ” ಎಂದಿದ್ದರು. ಶೆಡ್ಡಿನೊಳಗೆ ಮೇಕೆ ನುಗ್ಗುತ್ತವೆಂದು ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ. ಚಾಚಾ ಬಂದರೆ ಕೂಗುತ್ತಾರೆ, ತೆಗೆದರಾಯಿತು ಎಂದುಕೊಂಡೆ. ಮೊಬೈಲನ್ನು ಚೀಲದಲ್ಲಿಟ್ಟು, ಬ್ಯಾಟರಿ ದೀಪ ಹಿಡಿದು ಫೈರ್‌ಬಾಕ್ಸಿನೊಳಗೆ ತೂರಿದೆ. ಮಂಡಿ ಮಡಚಿ ಕುಳಿತರೆ ತಲೆಯ ಮೇಲೆ ಒಂದು ಗೇಣು ಜಾಗ ಉಳಿಯುತ್ತಿತ್ತು. ಒಳಗೆ ಹಳೆಯ ಬೂದಿಯ ವಾಸನೆ, ಕಾದ ಕಬ್ಬಿಣದ ಸೆಕೆ.

ಅರ್ಧ ತಾಸು ಗುಡಿಸಿರಬೇಕು. ಎಡಗಡೆಯ ಗೋಡೆಯ ಆಚೆ, ಹೊರಗಿನವನು ನಿಲ್ಲಲೆಂದು ಕಟ್ಟಿದ್ದ ಹಲಗೆ ಕಿರುಗುಟ್ಟಿತು, ಯಾರೋ ಅದರ ಮೇಲೆ ಹತ್ತಿ ನಿಂತ ಹಾಗೆ.

“ಚಾಚಾ, ಬಂದ್ರೇನ್ರಿ?” ಎಂದು ಕೂಗಿದೆ.

ಗೋಡೆಯ ಆಚೆಯಿಂದ ಒಂದು ಏಟು ಬಂತು. ಠಣ್ ಎಂದು, ಸ್ಪಷ್ಟವಾಗಿ.

ನನಗೆ ನಗು ಬಂತು. ಮುದುಕನಿಗೆ ನನ್ನ ಕೆಲಸದ ಮೇಲೆ ಭರವಸೆಯಿಲ್ಲ, ಬಾಯಿಬಿಟ್ಟು ಹೇಳಲು ಸಂಕೋಚ ಎಂದುಕೊಂಡೆ. ಅಗಳಿ ಹಾಕಿದ್ದು ಆಗ ನನ್ನ ನೆನಪಿಗೆ ಬರಲೇ ಇಲ್ಲ. ಇದನ್ನು ಬರೆಯುವಾಗಲೂ ಅದೇ ನನಗೆ ಆಶ್ಚರ್ಯ. ಒಳಗೇ ಬಿಟ್ಟಿದ್ದ ಸಣ್ಣ ಸುತ್ತಿಗೆ, ಸೀಮೆಸುಣ್ಣ ಕೈಗೆತ್ತಿಕೊಂಡು ಮೇಲಿನ ಸಾಲಿನಿಂದ ಶುರುಮಾಡಿದೆ. ನಾನು ಒಂದು ಹೊಡೆದರೆ ಆಚೆಯಿಂದ ಒಂದು. ಮತ್ತೆ ಒಂದು, ಮತ್ತೆ ಒಂದು. ಮೂರನೆಯ ಸಾಲಿನ ಮುಂದಿನ ಮೂಲೆಯಲ್ಲಿ ಮೊದಲ ಸಲ ಎರಡು ಏಟು ಕೇಳಿದವು. ನನ್ನ ಕಿವಿಗೆ ಆ ಬೋಲ್ಟು ಸರಿಯಾಗಿಯೇ ಇತ್ತು. ಮತ್ತೆ ಹೊಡೆದೆ, ಮತ್ತೆ ಎರಡೇ ಬಂದವು. ಗುರುತು ಹಾಕಿದೆ. ಅದರ ಪಕ್ಕದ್ದಕ್ಕೂ ಎರಡು, ಕೆಳಗಿನದಕ್ಕೂ ಎರಡು. ಒಟ್ಟು ಒಂಬತ್ತು ಗುರುತು ಬಿದ್ದವು, ಎಲ್ಲವೂ ಆ ಮೂಲೆಯಲ್ಲೇ. ನನಗೆ ನಾಚಿಕೆಯಾಯಿತು. ಆದರೂ ಕೆಲಸ ಬಹಳ ಚೆನ್ನಾಗಿ ನಡೆದಿತ್ತು. ಗೋಡೆಯ ಎರಡು ಬದಿಗೆ ಇಬ್ಬರು, ಮಾತಿಲ್ಲ, ಅವಸರವಿಲ್ಲ. ಅಷ್ಟು ಜೊತೆಯಾಗಿ ನಾನು ಯಾರೊಂದಿಗಾದರೂ ಇದ್ದು ಎಷ್ಟು ದಿನವಾಗಿತ್ತೋ.

ಅದಕ್ಕೇ ಇರಬೇಕು, ಕೊನೆಯ ಸಾಲಿಗೆ ಬಂದಾಗ ಸುತ್ತಿಗೆ ಕೆಳಗಿಟ್ಟು ನಾನು ಮಾತಾಡತೊಡಗಿದೆ. ಚಾಚಾಗೆ ನನ್ನ ಮುಖ ಕಾಣುವುದಿಲ್ಲ, ನನಗೂ ಅವರದು ಕಾಣುವುದಿಲ್ಲ ಎಂಬ ಧೈರ್ಯ. ಯಾರಿಗೂ ಹೇಳದ ಮಾತನ್ನು ಹೇಳಿದೆ. ತೀರಿಕೊಂಡ ದಿನ ಸುಮನ ಅಡುಗೆಮನೆಯಿಂದ ನನ್ನನ್ನು ಎರಡು ಸಲ ಕರೆದಿದ್ದಳು. ನಾನು ಪಡಸಾಲೆಯಲ್ಲಿ ಯಾರದೋ ಮಿಕ್ಸರ್ ಬಿಚ್ಚಿಕೊಂಡು ಕುಳಿತಿದ್ದೆ. “ಬಂದೆ” ಎಂದೆ. ಎರಡನೆಯ ಸಲ ಕರೆದಾಗಲೂ “ಬಂದೆ” ಎಂದೆ. ಕೈಯಲ್ಲಿದ್ದ ಸ್ಕ್ರೂ ಕೂರಿಸಿ, ಕೈ ಒರೆಸಿಕೊಂಡು ಎದ್ದೆ. ಹೋಗಿ ನೋಡಿದರೆ ಆಕೆ ಗೋಡೆಗೆ ಒರಗಿ ಕುಳಿತಿದ್ದಳು, ಕಣ್ಣು ತೆರೆದಿದ್ದವು, ಮಾತು ನಿಂತಿತ್ತು. ದವಾಖಾನೆ ಮುಟ್ಟುವ ಮೊದಲೇ ಮುಗಿಯಿತು. ಐದು ನಿಮಿಷವೋ ಹತ್ತು ನಿಮಿಷವೋ ನಾನು ತಡಮಾಡಿದ್ದೆ. ಡಾಕ್ಟರು ನನ್ನನ್ನು ಏನೂ ಕೇಳಲಿಲ್ಲ. ಊರವರೂ ಕೇಳಲಿಲ್ಲ. ಯಾರೂ ಕೇಳಲಿಲ್ಲವೆಂದು ನಾನೂ ಹೇಳಲಿಲ್ಲ. ಇಷ್ಟನ್ನು ಆ ಕಬ್ಬಿಣದ ಗೋಡೆಗೆ ಮುಖಮಾಡಿ ಹೇಳಿದೆ.

ಆಚೆ ಬಹಳ ಹೊತ್ತು ಸದ್ದಿರಲಿಲ್ಲ. ಚಾಚಾಗೆ ಹೇಳಬಾರದಿತ್ತು ಎನಿಸಿತು. ಆಮೇಲೆ ಒಂದು ಏಟು ಬಂತು.

ಒಂದೇ ಒಂದು. ಜೋರಾಗಿ ಅಲ್ಲ. ಆಗ ನನ್ನ ಸುತ್ತಿಗೆ ನೆಲದ ಮೇಲಿತ್ತು. ನಮ್ಮ ಕೆಲಸದಲ್ಲಿ ಒಂದು ಏಟಿಗೆ ಇದ್ದದ್ದು ಒಂದೇ ಅರ್ಥ: ನಿನ್ನದು ನನಗೆ ಮುಟ್ಟಿತು. ಕಣ್ಣೀರು ಬಂದಿತ್ತು. ಮುಖ ಒರೆಸಿಕೊಂಡು, ಉಳಿದ ನಾಲ್ಕು ಬೋಲ್ಟು ಮುಗಿಸಿ, ಹೊರಗೆ ಬಂದೆ.

ಹಲಗೆಯ ಮೇಲೆ ಯಾರೂ ಇರಲಿಲ್ಲ. ಇಂಜಿನ್ ಸುತ್ತ ಒಂದು ಸುತ್ತು ಬಂದೆ. “ಚಾಚಾ” ಎಂದು ಎರಡು ಸಲ ಕೂಗಿದೆ. ಬಾಗಿಲಿಗೆ ನಾನು ಹಾಕಿದ ಅಗಳಿ ಹಾಗೇ ಇತ್ತು. ದೊಡ್ಡ ಸುತ್ತಿಗೆ ಬೀಗ ಹಾಕಿದ ಸಾಮಾನಿನ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ನನ್ನ ಕಿಸೆಯಲ್ಲಿತ್ತು. ಎಡಬದಿಯ ಹೊರಗೋಡೆಯನ್ನು ದೀಪ ಹಿಡಿದು ನೋಡಿದೆ. ಸುತ್ತಿಗೆ ತಾಗಿದ್ದರೆ ಹೊಸ ಬಣ್ಣ ಪ್ರತಿಯೊಂದು ಬೋಲ್ಟಿನ ಮೇಲೂ ಸಿಡಿದಿರಬೇಕಿತ್ತು. ಒಂದು ಗೀರೂ ಇರಲಿಲ್ಲ.

ಚೀಲದಿಂದ ಮೊಬೈಲ್ ತೆಗೆದೆ. ಚಾಚಾ ಮೂರು ಸಲ ಫೋನ್ ಮಾಡಿದ್ದರು. ತಿರುಗಿ ಮಾಡಿದೆ.

“ಮಾಫ್ ಮಾಡ್ರಿ ಮಾಸ್ತರ್,” ಎಂದರು. “ಅಷ್ಟೂರಿಗಿ ಬರಬೇಕಾಯ್ತು, ಮಗಳ ಮನಿಗಿ. ನಿಮಗ ಹೇಳ್ಬೇಕಂತ ಮಾಡ್ದೆ, ನೀವು ಎತ್ತಲಿಲ್ಲ. ಕೆಲಸ ಹ್ಯಾಂಗಾಯ್ತು?”

“ಆಯ್ತು ಚಾಚಾ,” ಎಂದೆ. ಫೋನ್ ಕಿಸೆಗೆ ಹಾಕಿಕೊಂಡೆ. ಹಳಿಯ ಮೇಲೆ ಕುಳಿತೆ. ನನಗೆ ಅಂಜಿಕೆಯಾಗಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಎರಡು ತಾಸು ಜೊತೆಗಿದ್ದವರು ಎದ್ದುಹೋದಾಗ ಮನೆ ಹೇಗೆ ಭಣಭಣ ಎನ್ನುತ್ತದೋ ಹಾಗೆ ಆ ಶೆಡ್ಡು ಕಂಡಿತು, ಅಷ್ಟೇ.

ಆದರೆ ಒಳಗೆ ಒಂಬತ್ತು ಗುರುತುಗಳಿದ್ದವು, ಪುಸ್ತಕದಲ್ಲಿ ನನ್ನ ಸಹಿ ಇತ್ತು. ಸುಮ್ಮನಿದ್ದುಬಿಡಬಹುದಿತ್ತು. ಆ ಗುರುತುಗಳನ್ನು ಬಿಸಿಲಿನ ಭ್ರಮೆಯೆಂದು ಅಳಿಸಿ ಮನೆಗೆ ಹೋಗಿದ್ದರೆ ಕೇಳುವವರು ಯಾರೂ ಇರಲಿಲ್ಲ. ಗುರುತುಗಳ ಜಾಗವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಮತ್ತೆ ಪರೀಕ್ಷಿಸುವಾಗ ಯಾರಿಗೂ ಸುಳಿವು ಸಿಗಬಾರದೆಂದು ಸೀಮೆಸುಣ್ಣವನ್ನು ಒರೆಸಿಹಾಕಿದೆ. ಆಮೇಲೆ ಶಕುಂತಲಾ ಮೇಡಮ್ಮರ ಮನೆಗೆ ನಡೆದುಕೊಂಡು ಹೋದೆ. ಎಡಬದಿಯನ್ನು ಮತ್ತೆ ನೋಡಬೇಕು, ಮೊದಲ ಸಲ ನಾನು ಅವಸರ ಮಾಡಿದ್ದೆ ಎಂದೆ.

ಅವರಿಗೆ ಬೇಜಾರಾಯಿತು. “ಸರ್, ನೀವೇ ಛಲೋ ಅದ ಅಂತ ಬರದೀರಿ. ಜಾಗಾದ ಮಾಲಕರಿಗಿ ಹೇಳೀನಿ, ಎಲ್ಲಾರಿಗೂ ಬರ್ರಿ ಅಂದೀನಿ. ಈಗ ಹಿಂಗಂದ್ರ ಹ್ಯಾಂಗ್ರಿ? ಯಾಕ ಸಂಶಯ ಬಂತು ನಿಮಗ?”

“ಬಂತ್ರಿ,” ಎಂದೆ. “ತಪ್ಪು ನಂದೇ ಅದ.”

ಅವರು ಒಳಗಿನಿಂದ ನೀರು ತಂದುಕೊಟ್ಟರು. ಮರುದಿನ ಬೆಳಿಗ್ಗೆ ಚಾಚಾರನ್ನು ಕರೆಸಲು ಒಪ್ಪಿದರು.

ಭಾನುವಾರ ಚಾಚಾ ಹಲಗೆ ಹತ್ತಿ ನಿಂತರು, ನಾನು ಒಳಗೆ ಕುಳಿತೆ. ಯಾವ ಬೋಲ್ಟಿನ ಮೇಲೂ ಗುರುತಿರಲಿಲ್ಲ, ಚೀಟಿಯನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಅವರ ಸುತ್ತಿಗೆ ತಾಗಿದಲ್ಲೆಲ್ಲ ಬಣ್ಣ ಚಕ್ಕೆಯಾಗಿ ಉದುರುವ ಸಪ್ಪಳ ಒಳಗೂ ಕೇಳುತ್ತಿತ್ತು. ಮೂರನೆಯ ಸಾಲಿನ ಮುಂದಿನ ಮೂಲೆಗೆ ಬಂದು ಸುತ್ತಿಗೆ ಹೊಡೆದೆ. ಎರಡು ಏಟು ಬಂದವು. ಒಟ್ಟು ಒಂಬತ್ತು, ಅವೇ ಒಂಬತ್ತು. ಕೊರೆದು ತೆಗೆದಾಗ ಒಂಬತ್ತೂ ನೀರಿನ ಭಾಗದಲ್ಲಿ ಮುರಿದಿದ್ದವು. ಆ ಗೋಡೆಯ ಪಕ್ಕದಲ್ಲೇ, ಬೆಂಕಿ ಹಾಕುವ ಜಾಗದಲ್ಲಿ, ಇಂಜಿನ್ ಓಡಿಸುವ ಮೊದಲ ದಿನ ಚಾಚಾ ಮತ್ತು ಮೇಡಂ ನಿಲ್ಲುವವರಿದ್ದರು.

ಅಧಿಕಾರಿಗೆ ಹೇಳಿ ಪರೀಕ್ಷೆಯನ್ನು ಮುಂದೂಡಿದೆವು. ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನಾನು ಚಾಚಾಗೆ ಎಲ್ಲಾ ಹೇಳಿದೆ. ಸುಮನಳ ಮಾತನ್ನು ಮಾತ್ರ ಬಿಟ್ಟೆ. ಅವರು ಬಸಿಯಲ್ಲಿ ಚಹಾ ಸುರುವಿಕೊಂಡು, ಊದಿ ಆರಿಸಿ ಕುಡಿದರು.

“ಮೂವತ್ತೆಂಟು ವರ್ಷ ಇಂಜಿನ್ ಮ್ಯಾಲೆ ಇದ್ದೆ,” ಎಂದರು ಕೊನೆಗೆ. “ನನಗ ಒಂದ್ಸಲಾನೂ ಹಿಂಗ ಆಗಿಲ್ಲರಿ. ಆ ಇಂಜಿನ್ ಮ್ಯಾಲೆ ಯಾರರ ಸತ್ತಿದ್ರೇನು ಅಂತ ಕೇಳ್ಬ್ಯಾಡ್ರಿ, ಯಾರೂ ಸತ್ತಿಲ್ಲ. ನಾ ಎಲ್ಲಾ ಕೇಳಿ ನೋಡೀನಿ, ಮೊದಲೇ.”

ಮೇಡಮ್ಮರಿಗೆ ಮುಂದೆ ಯಾವಾಗಲೋ ಹೇಳಿದೆ. ನಿಮಗೆ ಬಿಸಿಲು ಬಡಿದಿತ್ತು ಎಂದರು ಅವರು. ನಿಮ್ಮ ಕಿವಿಗೆ ಮೊದಲ ಸಲವೇ ಆ ಒಂಬತ್ತರ ವ್ಯತ್ಯಾಸ ಗೊತ್ತಾಗಿತ್ತು, ಮನಸ್ಸು ಒಪ್ಪಿರಲಿಲ್ಲ, ಅದೇ ಏಟಾಗಿ ಕೇಳಿಸಿತು ಎಂದರು. ಒಳ್ಳೆಯ ವಿವರಣೆ. ಇಂಥ ಕತೆಯನ್ನು ನನ್ನ ವಿದ್ಯಾರ್ಥಿ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕಾದ ಕಬ್ಬಿಣ ತಣಿಯುವಾಗ ತಾನೇ ಸಪ್ಪಳ ಮಾಡುತ್ತದೆ ಎನ್ನುವುದೂ ನನಗೆ ಗೊತ್ತು. ಆದರೆ ತಣಿಯುವ ಕಬ್ಬಿಣ ಒಬ್ಬನ ಮಾತು ಮುಗಿಯುವ ತನಕ ಕಾಯುತ್ತದೆಯೇ ಎಂಬುದು ನನಗೆ ಗೊತ್ತಿಲ್ಲ.

ದಸರೆಯ ಹೊತ್ತಿಗೆ ಇಂಜಿನ್ ಉಗಿ ತುಂಬಿಕೊಂಡು ಶೆಡ್ಡಿನಿಂದ ಹೊರಬಂದು ನೂರು ಗಜ ಓಡಿತು. ಚಾಚಾ ಸೀಟಿ ಊದಿದರು. ಭಾಲ್ಕಿಯ ಅರ್ಧ ಊರು ನೋಡಲು ಬಂದಿತ್ತು. ಅದಕ್ಕೂ ಮುಂಚೆ, ಮಳೆ ಹಿಡಿಯುವ ದಿನಗಳಲ್ಲಿ, ನಾನು ಇನ್ನೊಂದು ಕೆಲಸ ಮಾಡಿದ್ದೆ. ಔರಾದಿನಲ್ಲಿ ಸುಮನಳ ಅಕ್ಕ ಕಮಲಕ್ಕ ಇದ್ದಾರೆ. ಆರು ವರ್ಷ ನಾನು ಅವರ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಒಂದು ದಿನ ಬಸ್ಸು ಹತ್ತಿ ಹೋದೆ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಸುಮನ ಎರಡು ಸಲ ಕರೆದದ್ದು, ನಾನು ಎರಡು ಸಲವೂ “ಬಂದೆ” ಎಂದು ಹೋಗದೆ ಕುಳಿತದ್ದು, ಎಲ್ಲಾ ಹೇಳಿದೆ.

ಕಮಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಹಿಟ್ಟಿನ ಕೈ ಹಾಗೇ ಮಡಿಲಲ್ಲಿಟ್ಟುಕೊಂಡರು.

“ಅವತ್ತ ಮುಂಜಾನಿ ಆಕಿ ನನಗ ಫೋನ್ ಮಾಡಿದ್ಳರಿ,” ಎಂದರು. “ಎದಿ ಹಿಡದಂಗ ಆಗ್ಲತ್ತದ ಅಂದ್ಳು. ನಾ ಹಿಂಗೇ ರೊಟ್ಟಿ ಬಡೀತಿದ್ದೆ. ಆಮ್ಯಾಲೆ ಮಾಡ್ತೇನಿ ಅಂದು ಇಟ್ಟೆ. ನಿಮಗ ಹ್ಯಾಂಗ ಮುಖ ತೋರಿಸಬೇಕು ಅಂತ ನಾನೂ ಬೀದರಿಗಿ ಬರಲಿಲ್ಲ.”

ಒಲೆಯ ಮೇಲೆ ರೊಟ್ಟಿ ಕರಕಾಗುತ್ತಿತ್ತು, ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ. ಆಮೇಲೆ ನಾನು ಇಂಜಿನ್ನಿನ ಕತೆಯನ್ನೂ ಹೇಳಿದೆ. ಕೇಳಿದ ಮೇಲೆ ಅವರು ದನಿ ತಗ್ಗಿಸಿ, “ಆಕಿನೇ ಇರ್ಬೇಕೇನ್ರಿ?” ಎಂದರು.

ಹೌದು ಎಂದುಬಿಡಲು ನನಗೆ ಬಹಳ ಆಸೆಯಾಯಿತು. ಹಾಗೆಂದಿದ್ದರೆ ಇಬ್ಬರ ಎದೆಯೂ ಹಗುರಾಗುತ್ತಿತ್ತು. ಆದರೆ ಸುಮನಳಿಗೆ ಬಾಯ್ಲರ್ ಎಂದರೇನು, ಬೋಲ್ಟು ಎಂದರೇನು ಗೊತ್ತಿರಲಿಲ್ಲ. ಆ ಏಟು ಹೊಡೆದ ಕೈ ಪಳಗಿದ ಕೆಲಸಗಾರನ ಕೈ. ಅಷ್ಟನ್ನು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ.

“ಗೊತ್ತಿಲ್ಲ ಅಕ್ಕಾ,” ಎಂದೆ.

ಕಮಲಕ್ಕ ಕರಕಾದ ರೊಟ್ಟಿಯನ್ನು ಬದಿಗಿಟ್ಟು, ಹೊಸದೊಂದು ಬಡಿದು ನನ್ನ ತಾಟಿಗೆ ಹಾಕಿದರು. ಅವತ್ತು ನಾನು ಬೀದರಿಗೆ ಮರಳಲಿಲ್ಲ, ಅಲ್ಲೇ ಉಳಿದೆ.